ಸುಬೇದಾರ ಎದುರು ಬರದ ದಿನ

ಹೈದರಾಬಾದಿನ ಅಂಚಿನಲ್ಲಿದ್ದ ಆಗಿನ ಕುಷಾಯಿಗೂಡ ಎಂದು ಬರೆಯಲು ಹೊರಟಾಗಲೇ ನನ್ನ ಕೈ ತಡೆಯುತ್ತದೆ. ನಾನು ಹೇಳುವ ಬೇಸಿಗೆಯಲ್ಲಿ ನನಗೆ ಏಳು ವರ್ಷ. ಏಳು ವರ್ಷದ ಹುಡುಗಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಅವ್ವನ ಬಾಯಿಂದ ಕೇಳಿ ಕಂಡಂತೆ ಮಾಡಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಇಷ್ಟು ವರ್ಷವಾದರೂ ನನ್ನಿಂದ ಆಗಿಲ್ಲ. ನಮ್ಮ ಮನೆಯ ಗೇಟಿಗೆ ಹಸಿರು ಬಣ್ಣವಿತ್ತು ಎಂದು ನಾನು ಖಾತ್ರಿಯಾಗಿ ಹೇಳುತ್ತೇನೆ. ನೀಲಿ ಎಂದು ಅಕ್ಕ ಅಷ್ಟೇ ಖಾತ್ರಿಯಾಗಿ ಹೇಳುತ್ತಾಳೆ. ಆದ್ದರಿಂದ ಬಣ್ಣಗಳ ವಿಷಯದಲ್ಲಿ ನನ್ನನ್ನು ನಂಬಬೇಡಿ. ವಾಸನೆಗಳ ವಿಷಯದಲ್ಲಿ ಸ್ವಲ್ಪ ನಂಬಬಹುದು.

ಆ ದಿನಗಳಲ್ಲಿ ನಮ್ಮ ಬೀದಿಗೆ ಗಡಿಯಾರ ಬೇಕಿರಲಿಲ್ಲ. ದೊಡ್ಡ ಕಾರ್ಖಾನೆಯ ಸೈರನ್ ಕೂಗಿದರೆ ಅವ್ವ ಒಲೆ ಹಚ್ಚುತ್ತಿದ್ದಳು, ಮತ್ತೊಮ್ಮೆ ಕೂಗಿದರೆ ನಾವು ಶಾಲೆಗೆ ಹೊರಡುತ್ತಿದ್ದೆವು. ಪಾಳಿ ಬದಲಾಗುವ ಹೊತ್ತಿಗೆ ಬಿಳಿ ಕೋಟು ತೊಟ್ಟ ಹೆಂಗಸರು ಗುಂಪಾಗಿ ನಗುತ್ತ ನಮ್ಮ ಮನೆಯ ಮುಂದಿನಿಂದ ಹೋಗುತ್ತಿದ್ದರು. ಅವರು ಒಳಗೆ ಕೂತು ಸಣ್ಣ ಸಣ್ಣ ತಂತಿಗಳನ್ನು ಬೆಸೆಯುತ್ತಾರೆ ಎಂದು ಅಕ್ಕ ಹೇಳುತ್ತಿದ್ದಳು. ಅವಳಿಗೆ ಹದಿನೈದು. ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ಮನೆಯ ಹಳೆಯ ರೇಡಿಯೋದ ಬೆನ್ನು ಬಿಚ್ಚಿ, ಅವ್ವನ ಕೈಯಿಂದ ಬೈಸಿಕೊಂಡು, ಮತ್ತೆ ಅದನ್ನು ಹಾಡಿಸಿದವಳು. ಹೆಣ್ಣುಮಕ್ಕಳ ಪಾಲಿಟೆಕ್ನಿಕ್ ಸೇರಬೇಕು, ಆಮೇಲೆ ಬಿಳಿ ಕೋಟು ಹಾಕಿಕೊಂಡು ಇದೇ ಬೀದಿಯಲ್ಲಿ ನಡೆಯಬೇಕು ಎಂಬುದು ಅವಳ ಆಸೆ.

ನಾವು ಬೆಟಗೇರಿ ಕಡೆಯ ಕ್ರೈಸ್ತರು. ಅಪ್ಪ ಪಲ್ಟನ್ನಿನಲ್ಲಿ ಹವಾಲ್ದಾರ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಸೋದರಮಾವ ತನ್ನ ಹತ್ತಿರ ಇರಲಿ ಎಂದು ನಮಗೆ ಅಲ್ಲಿ ಮನೆ ನೋಡಿಕೊಟ್ಟಿದ್ದ. ಅಪ್ಪ ವರ್ಷಕ್ಕೊಮ್ಮೆ ರಜೆಗೆ ಬರುವ ಮನುಷ್ಯ. ಬಂದಾಗ ಕಿತ್ತಳೆ ಹಣ್ಣು, ಬೂಟು ಪಾಲಿಶ್ ಮತ್ತು ರೈಲಿನ ವಾಸನೆ ಹೊತ್ತು ತರುತ್ತಿದ್ದ. ಉಳಿದ ದಿನಗಳಲ್ಲಿ ಗೋಡೆಯ ಮೇಲಿನ ಫೋಟೋ.

ಮನೆಯಲ್ಲಿ ಇನ್ನೊಬ್ಬ ಅಧಿಕಾರಿ ಇದ್ದ. ಅವನೇ ನಮ್ಮ ಹುಂಜ. ಕಡುಗೆಂಪು ಮೈ, ಕರಿ ಬಾಲ, ಒಂದು ಕಣ್ಣಿನ ಮೇಲೆ ಹಳೆಯ ಗಾಯ. ಯಾರೇ ಗೇಟಿನ ಸರಪಳಿ ಎತ್ತಿದರೂ, ಆ ಸದ್ದು ಮುಗಿಯುವುದರೊಳಗೆ ಅಂಗಳದ ಯಾವ ಮೂಲೆಯಲ್ಲಿದ್ದರೂ ರೆಕ್ಕೆ ಬಿಚ್ಚಿ ಓಡಿಬಂದು ಕಾಲಿಗೆ ಕುಟುಕುತ್ತಿತ್ತು. ಅಂಚೆಯವನು ಗೇಟಿನ ಆಚೆ ನಿಂತೇ ಕೂಗುತ್ತಿದ್ದ. ಗ್ಯಾಸಿನವನು ಖಾಲಿ ಸಿಲಿಂಡರನ್ನು ಗುರಾಣಿಯಂತೆ ಹಿಡಿದು ಬರುತ್ತಿದ್ದ. ನಮ್ಮ ಚರ್ಚಿನ ಪಾದ್ರಿ ಅಯ್ಯನವರ ಬಿಳಿ ನಿಲುವಂಗಿಗೂ ಒಮ್ಮೆ ಅದರ ಕೊಕ್ಕು ತಗುಲಿತ್ತು. ಹಿಂದಿನ ರಜೆಯಲ್ಲಿ ಅಪ್ಪ ಬಂದಾಗ ಎಲ್ಲರಿಗಿಂತ ಮೊದಲು ಎದುರಾಗಿ ಅವನ ಪ್ಯಾಂಟಿಗೆ ಜೋತುಬಿದ್ದದ್ದು ಅದೇ. ಅಪ್ಪ ಟ್ರಂಕು ಇಳಿಸಿ, ಕಾಲು ಜೋಡಿಸಿ, ಅದಕ್ಕೆ ಸೆಲ್ಯೂಟ್ ಹೊಡೆದ.

“ಇಂವ ನನಗಿಂತ ಮ್ಯಾಲಿನ ರ‍್ಯಾಂಕಿನಾಂವ ಕಾಣ್ತಾನ. ಸುಬೇದಾರ ಅಂತ ಕರೀರಿ,” ಅಂದ.

“ಹೌದ್ ಮತ್ತ. ನೀವು ಇಲ್ಲದಾಗ ಮನೀ ಕಾಯಾಂವ ಅಂವನ,” ಎಂದಳು ಅವ್ವ.

ಅಂದಿನಿಂದ ಅದು ಸುಬೇದಾರ.

ಆ ಚಳಿಗಾಲದಲ್ಲಿ ಗಡಿಯಿಂದ ಸುದ್ದಿ ಬಂತು. ಹಿಮ ಕುಸಿದು ಅಪ್ಪ ಸಿಕ್ಕಿಬಿದ್ದಿದ್ದ, ಹೊರತೆಗೆದಿದ್ದಾರೆ, ಕಾಲಿಗೆ ಪೆಟ್ಟಾಗಿದೆ, ಇನ್ನು ಮೇಲೆ ಕಾಯಂ ಮನೆಗೆ ಬರುತ್ತಾನೆ. ಅವ್ವ ಅತ್ತಳು, ನಕ್ಕಳು, ಗೋಡೆಗೆ ಸುಣ್ಣ ಬಳಿದಳು. ಸಿಕಂದರಾಬಾದಿನಲ್ಲಿ ರೈಲಿಳಿದು ಅಪ್ಪ ಮನೆಗೆ ಬರುವ ದಿನ ಬೆಳಿಗ್ಗೆ ನಾನು ಎದ್ದಾಗ ಅಂಗಳದಲ್ಲಿ ಕೆಂಪು ಪುಕ್ಕಗಳು ಬಿದ್ದಿದ್ದವು.

“ಅವ್ವಾ, ಸುಬೇದಾರ ಎಲ್ಲಿ?”

ಅವ್ವ ಒಲೆಯ ಮುಂದಿನಿಂದಲೇ ಹೇಳಿದಳು. “ಗಡಿಗ್ಯಾಗ. ಕಾಲ ಮುರಕೊಂಡು ಬರೋ ಮನಷ್ಯಾಗ ಗೇಟಿನ್ಯಾಗ ಕುಟುಕಿ ಕೆಡವಿದ್ರ ಯಾರ ಎತ್ತವ್ರು? ಅಳಬ್ಯಾಡ. ನಿಮ್ಮಪ್ಪಗ ಜವಾರಿ ಕೋಳಿ ಅಂದ್ರ ಜೀವ.”

ಇದು ಪ್ರೀತಿಯಿಂದ ಮಾಡಿದ ಕೆಲಸ. ಇದನ್ನು ನಾನು ಬರೆದಿಡಲೇಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಅವ್ವ ತನ್ನ ಮಸಾಲೆಯ ಕಲ್ಲನ್ನೇ ಶಪಿಸಿಕೊಳ್ಳುತ್ತಿದ್ದಳು. ಒಣಕೊಬ್ಬರಿ, ಗಸಗಸೆ, ಸುಟ್ಟ ಉಳ್ಳಾಗಡ್ಡಿ ಅರೆದ ವಾಸನೆ ಬೀದಿಯ ತುದಿಯವರೆಗೂ ಹೋಗಿತ್ತು. ಪಕ್ಕದ ಮನೆಯ ಯಾದಮ್ಮ ಗೋಡೆಯ ಮೇಲಿಂದ ತಲೆ ತೂರಿಸಿ, ಕಡೆಗೂ ನಿಮ್ಮ ರಾಕ್ಷಸ ಸತ್ತನಲ್ಲ, ನನ್ನ ಮೊಮ್ಮಗನ ಕಾಲು ಬದುಕಿತು ಎಂದು ತೆಲುಗಿನಲ್ಲಿ ದೇವರಿಗೆ ಕೈ ಮುಗಿದಳು.

ಮಧ್ಯಾಹ್ನ ಸರಪಳಿ ಸದ್ದಾಯಿತು. ನಾವು ಓಡಿದೆವು.

ಇಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ನನ್ನ ಮುಖ ಅಪ್ಪನ ಹೊಟ್ಟೆಗೆ ಒತ್ತಿಕೊಂಡಿದೆ. ಬೆಲ್ಟಿನ ಬಿಲ್ಲೆ ತಣ್ಣಗೆ ಕೆನ್ನೆಗೆ ಹತ್ತುತ್ತಿದೆ. ಸುತ್ತ ಮತ್ತಾರೂ ಇಲ್ಲ. ಇನ್ನೊಂದರಲ್ಲಿ ನನ್ನ ಮುಂದೆ ಅಕ್ಕನ ಜಡೆ ಕುಣಿಯುತ್ತಿದೆ, ತುದಿಯಲ್ಲಿ ಬಿಳಿ ರಿಬ್ಬನ್. ಎರಡೂ ಸ್ಪಷ್ಟವಾಗಿವೆ. ಎರಡೂ ನಿಜವಾಗಿರಲು ಸಾಧ್ಯವಿಲ್ಲ. ಅಪ್ಪನನ್ನು ಮೊದಲು ಮುಟ್ಟಿದವಳಿಗೆ ಓಡುವಾಗ ಮುಂದೆ ಯಾರ ಜಡೆಯೂ ಕಾಣಬಾರದು.

ಒಂದು ಮಾತ್ರ ಎರಡೂ ನೆನಪುಗಳಲ್ಲಿ ಇದೆ. ಅಪ್ಪ ನಗಲಿಲ್ಲ. ನಮ್ಮ ತಲೆಯ ಮೇಲಿಂದ ಅಂಗಳವನ್ನು ನೋಡಿದ. ಬೇವಿನ ಮರದ ಬುಡ, ನೀರಿನ ತೊಟ್ಟಿ, ಸೌದೆಯ ರಾಶಿ, ಎಲ್ಲ ನೋಡಿದ.

“ಸುಬೇದಾರ ಎಲ್ಲಿ ಹ್ವಾದ?”

ಅಕ್ಕ ನಕ್ಕಳು. “ಒಳಗ ಅದಾನ್ರಿ ಅಪ್ಪಾ. ಗಡಿಗ್ಯಾಗ ಕುದಿಯಾಕತ್ತಾನ.”

ಅಪ್ಪ ಕೋಲಿನ ಮೇಲೆ ಭಾರ ಹಾಕಿ ಬಹಳ ಹೊತ್ತು ನಿಂತ. ಊಟಕ್ಕೆ ಕೂತಾಗ ಅವ್ವ ತೊಡೆಯ ತುಂಡನ್ನೇ ಆರಿಸಿ ಬಡಿಸಿದಳು. ಅವನು ಅದನ್ನು ತಾಟಿನ ಅಂಚಿಗೆ ಸರಿಸಿ, ಬರೀ ರೊಟ್ಟಿ ಮತ್ತು ಹಸಿ ಉಳ್ಳಾಗಡ್ಡಿ ತಿಂದ. ರೈಲಿನಲ್ಲಿ ಹೊಟ್ಟೆ ಕೆಟ್ಟಿದೆ ಅಂದ. ಆ ಗಡಿಗೆ ಸಂಜೆ ಯಾದಮ್ಮನ ಮನೆಗೆ ಹೋಯಿತು. ಅವ್ವ ಮುನಿಸಿಕೊಂಡಳು. ಅಪ್ಪ ಆ ದಿನದ ನಂತರ ಸಾಯುವವರೆಗೂ ಕೋಳಿ ಮುಟ್ಟಲಿಲ್ಲ. ಹೈದರಾಬಾದಿನ ಎಷ್ಟೋ ಮದುವೆಗಳಲ್ಲಿ, ಎಲ್ಲರ ತಾಟಿನಲ್ಲಿ ಬಿರಿಯಾನಿ ಹೊಗೆಯಾಡುತ್ತಿದ್ದಾಗ, ಅವನು ಬಿಳಿ ಅನ್ನಕ್ಕೆ ಮೊಸರು ಕಲಸಿಕೊಂಡು ಸುಮ್ಮನೆ ತಿನ್ನುತ್ತಿದ್ದುದನ್ನು ನಾನು ನೋಡಿದ್ದೇನೆ.

ನಮ್ಮ ಚರ್ಚಿನಲ್ಲಿ ಬೆಳಿಗ್ಗೆ ತೆಲುಗು ಆರಾಧನೆ. ಕನ್ನಡದ ಕೆಲವೇ ಮನೆಗಳಿಗೆ ಮಧ್ಯಾಹ್ನ, ಊಟವಾಗಿ ಎಲ್ಲರಿಗೂ ಜೋಂಪು ಹತ್ತುವ ಹೊತ್ತಿನಲ್ಲಿ. ಅಯ್ಯನವರು ಅಬಿಡ್ಸ್ ಕಡೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಗಂಡಸರು ಬೆಂಚುಗಳ ಮೇಲೆ, ಹೆಂಗಸರು ಮಕ್ಕಳು ಜಮಖಾನೆಯ ಮೇಲೆ. ನಮ್ಮ ಸಭೆಯಲ್ಲೊಂದು ಪದ್ಧತಿ ಇತ್ತು. ಸಾವಿನ ಬಾಯಿಂದ ಪಾರಾಗಿ ಬಂದವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಅಂದರೆ ತಮಗೆ ಏನಾಯಿತು, ದೇವರು ಹೇಗೆ ಕಾಪಾಡಿದ ಎಂದು ಎಲ್ಲರ ಮುಂದೆ ಹೇಳಬೇಕು. ಕಷ್ಟದಲ್ಲಿ ಏನಾದರೂ ಮಾತು ಕೊಟ್ಟಿದ್ದರೆ ಅದನ್ನೂ ಮುಚ್ಚಿಡುವಂತಿಲ್ಲ. ಸಭೆ ‘ಆಮೆನ್’ ಅಂದಮೇಲೆ ಆ ಮಾತು ಕೊಟ್ಟವನೊಬ್ಬನದಾಗಿ ಉಳಿಯುವುದಿಲ್ಲ. ಎಲ್ಲರೂ ಅದರ ಕಾವಲುಗಾರರು.

ಅಪ್ಪ ಬಂದಮೇಲೆ ಹಲವು ಭಾನುವಾರ ಅಯ್ಯನವರು ಕೇಳಿದರು. ಅಪ್ಪ, ಕಾಲು ನೋವು, ಮುಂದಿನ ವಾರ, ಅಂದ. ಕಡೆಗೆ ಒಂದು ಭಾನುವಾರ ಎದ್ದು ನಿಂತ. ಫ್ಯಾನು ತಿರುಗುತ್ತಿತ್ತು, ಬೇವಿನ ಹೂವಿನ ವಾಸನೆ ಕಿಟಕಿಯಿಂದ ಬರುತ್ತಿತ್ತು.

“ಬಂಕರ್ ಮ್ಯಾಲ ಹಿಮ ಕುಸೀತ್ರಿ,” ಅಂದ. “ಬಾಗಲಾ ಮುಚ್ಚಿ ಹ್ವಾತು. ಕತ್ತಲಿ. ನನ್ನ ಸಂಗಾತಿ ಒಬ್ಬ ಪಕ್ಕದಾಗ ಇದ್ದ, ಮೊದಲ ಮಾತಾಡ್ತಿದ್ದ, ಆಮ್ಯಾಲ ಮಾತಾಡ್ಲಿಲ್ಲ. ಮಾರೀ ಮುಂದ ಒಂದು ಬೊಗಸಿ ಗಾಳಿ ಇತ್ತರಿ, ಅಷ್ಟ. ನನಗ ಕೈಕಾಲ ಆಡಸಾಕ ಬರಂಗಿಲ್ಲ. ಆವಾಗ ದೇವ್ರಿಗೆ ಒಂದು ಮಾತು ಕೊಟ್ಟೆ. ನನ್ನ ಜೀವಂತ ಮನೀಗೆ ಮುಟ್ಟಸಪ್ಪಾ, ನಾ ಗೇಟ ತಗದಾಗ ನನಗ ಮೊದಲ ಯಾರು ಎದುರು ಬರ್ತಾರೋ ಆ ಜೀವ ನಿಂದು ಅಂತ.”

ಅಯ್ಯನವರು ನಕ್ಕರು. ಸುಗ್ಗಿ ಹಬ್ಬಕ್ಕೆ ಜನ ಕೋಳಿ, ಕುಂಬಳಕಾಯಿ ತಂದು ಅರ್ಪಿಸುವುದು ನಮ್ಮಲ್ಲಿ ರೂಢಿ. ಅದೇ ಲಹರಿಯಲ್ಲಿ ಅವರು ಕೇಳಿದರು: “ಮತ್ತ ಯಾರ್ ಬಂದ್ರು ಎದುರು, ಹವಾಲ್ದಾರ್ರ? ನಿಮ್ಮ ಆ ಹುಂಜ ಏನು? ನನ್ನ ನಿಲುವಂಗಿ ಹರದಾಂವ?”

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನಮ್ಮ ಜಮಖಾನೆಯ ಕಡೆ ನೋಡಿದ. ನಮ್ಮಿಬ್ಬರ ಕಡೆಗೆ. ನಗು ಒಂದೊಂದಾಗಿ ಆರಿಹೋಯಿತು. ಆಗ ನನ್ನ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತಳು. ಏಳುವಾಗ ಅವಳ ಕೈ ನನ್ನ ತೊಡೆಯನ್ನು ಬಲವಾಗಿ ಒತ್ತಿತ್ತು. ಏಳಲು ಆಸರೆಗೆಂದು ಒತ್ತಿದಳೋ, ನಾನು ಏಳದಿರಲಿ ಎಂದು ಒತ್ತಿದಳೋ, ನನಗೆ ಗೊತ್ತಿಲ್ಲ.

“ನಾನ್ರೀ ಅಯ್ನೋರ,” ಅಂದಳು.

ಮುಂದಿನ ಸಾಲಿನಲ್ಲಿದ್ದ, ಕಿವಿ ಅಷ್ಟಾಗಿ ಕೇಳದ ಮುದುಕಿಯೊಬ್ಬಳು, ಸಾಕ್ಷಿ ಮುಗಿಯಿತು ಎಂದುಕೊಂಡು ಗಟ್ಟಿಯಾಗಿ “ಆಮೆನ್” ಅಂದಳು. ಅವಳ ಹಿಂದೆ ಉಳಿದವರೂ ಅಂದರು, ಸಣ್ಣ ದನಿಯಲ್ಲಿ.

ಮನೆಗೆ ಬಂದಮೇಲೆ ಅವ್ವ ಅಪ್ಪನಿಗೆ ನೀರು ಸಹ ಕೊಡಲಿಲ್ಲ. ನಾವು ಒಳಕೋಣೆಯಲ್ಲಿದ್ದೆವು, ಆ ಮನೆಯಲ್ಲಿ ಒಳಕೋಣೆಗೆ ಕೇಳದ ಮಾತು ಯಾವುದೂ ಇರಲಿಲ್ಲ.

“ಬಾಯಿ ಮುಚಗೊಂಡು ಇದ್ದಿದ್ರ ಏನ್ ಹೋಗ್ತಿತ್ರಿ ನಿಮ್ದು? ಹಿಮದಾಗ ಆಡಿದ ಮಾತು ಹಿಮದಾಗ ಬಿಟ್ಟು ಬರಾಕ ಆಗಲಿಲ್ಲೇನು?”

“ಸಾಕ್ಷಿಗೆ ನಿಂತು ಅರ್ಧಾ ಹೇಳಾಕ ಬರತೈತೇನ?”

“ಹೆತ್ತ ಮಕ್ಕಳು ಮನಿಯಾಗ ಇದ್ದಾಗ, ಮೊದಲ ಎದುರು ಬಂದವರು ಅಂತ ಯಾವ ಅಪ್ಪ ಮಾತು ಕೊಡ್ತಾನ್ರಿ?”

ಆಮೇಲೆ ಅಪ್ಪನ ದನಿ, ನನಗೆ ಗುರುತೇ ಸಿಗದಂಥ ದನಿ. “ಸುಬೇದಾರ ಬರ್ತಾನ ಅಂತ ಗೊತ್ತಿತ್ತು ನನಗ. ಯಾವಾಗ್ಲೂ ಅಂವನ ಮೊದಲು. ಅದಕ್ಕ ಹಂಗ ಅಂದೆ.”

ಈಗ ಅವ್ವನ ದನಿ. “ಅಯ್ಯೋ ದೇವ್ರ. ಅದನ್ನ ಕೊಯ್ದಾಕಿ ನಾನ.” ಆಮೇಲೆ ಸಿಟ್ಟಿನಲ್ಲಿ: “ದೊಡ್ಡ ಮಾತು ಆಡಿ, ಹುಂಜ ತೋರ್ಸಿ ಪಾರಾಗಾಕ ನೋಡಿದ್ರಿ. ದೇವ್ರಿಗೇ!”

“ಹೌದು,” ಅಂದ ಅಪ್ಪ. “ಅದಕ್ಕ ಈಗ ತಪ್ಪಿಸಿಕೊಳ್ಳಾಕ ಬರಂಗಿಲ್ಲ. ಒಮ್ಮೆ ಮೋಸ ಮಾಡಾಕ ಹೋಗಿ ಸಿಕ್ಕೊಂಡಾಂವ ಎರಡನೇ ಸಲ ಯಾವ ಮಾರೀಲೆ ಕೇಳ್ಲಿ?”

ಈ ಮಾತುಗಳನ್ನು ನಾನು ಹೀಗೇ ಕೇಳಿದೆನೇ? ಏಳು ವರ್ಷದವಳಿಗೆ ಇಷ್ಟು ಅರ್ಥವಾಗಿರಲಿಕ್ಕಿಲ್ಲ. ದೊಡ್ಡವಳಾದ ಮೇಲೆ ಅವ್ವನನ್ನು ಕೇಳಿದಾಗ ಅವಳು ಹೆಚ್ಚುಕಡಿಮೆ ಇದನ್ನೇ ಹೇಳಿದಳು. ಆದರೆ ಅವಳೂ ಆ ಮಾತುಗಳನ್ನು ಎಷ್ಟೋ ಸಲ ಮನಸ್ಸಿನಲ್ಲೇ ಆಡಿ ಆಡಿ ನಯ ಮಾಡಿದ್ದಿರಬೇಕು.

ಅಯ್ಯನವರು ಆ ವಾರವೇ ಮನೆಗೆ ಬಂದರು. ಒಳ್ಳೆಯ ಮನುಷ್ಯ. ಚಹಾ ಮುಟ್ಟದೆ ಹೇಳಿದರು. “ಹವಾಲ್ದಾರ್ರ, ನಾ ನಗಾಡಿದ್ದು ತಪ್ಪಾತು. ದೇವರು ಇಂಥದ್ದು ಕೇಳಂಗಿಲ್ಲರಿ.”

“ನಾ ಕೇಳಿದ್ದು ಆಂವ ಕೊಟ್ಟಾನಲ್ರಿ ಅಯ್ನೋರ,” ಅಂದ ಅಪ್ಪ. “ನನ್ನ ಸಂಗಾತಿಗೆ ಕೊಡಲಿಲ್ಲ. ನನಗ ಕೊಟ್ಟ.”

ಕೊಡುವುದೇ ಆದರೆ ಹುಡುಗಿಗೆ ಕಷ್ಟವಾಗದ ಕಡೆ ಕೊಡೋಣ ಎಂದು ಅಯ್ಯನವರೇ ದಾರಿ ಹುಡುಕಿದರು. ಬೆಟಗೇರಿ ಹತ್ತಿರ ಅನಾಥ ಮಕ್ಕಳ ಒಂದು ಆಶ್ರಮವಿತ್ತು. ಅಲ್ಲಿ ಸೇವೆಗೆ ನಿಂತ ಹೆಣ್ಣುಮಕ್ಕಳು ಮದುವೆಯಾಗದೆ ಅಲ್ಲೇ ಉಳಿಯುತ್ತಿದ್ದರು. ಜೂನ್ ತಿಂಗಳಲ್ಲಿ ಸೇರಿಸಿಕೊಳ್ಳುತ್ತಾರೆ. ಅಲ್ಲಿಯವರೆಗೆ ಹುಡುಗಿ ಮನೆಯಲ್ಲಿರಲಿ.

ಮನೆಯಲ್ಲಿರಲಿ ಎಂಬ ಮಾತನ್ನು ಅಪ್ಪ ಸೈನಿಕನಂತೆ ಪಾಲಿಸಿದ. ಅಕ್ಕ ಪರೀಕ್ಷೆ ಬರೆದು ಬಂದ ದಿನವೇ ಅವಳ ಓಡಾಟ ನಿಂತಿತು. ದೇವರಿಗೆ ಸೇರಿದ ಒತ್ತೆ, ಅದಕ್ಕೆ ಬಿಸಿಲು ತಾಗಬಾರದು, ಗಾಯವಾಗಬಾರದು, ಯಾರ ಕಣ್ಣೂ ಬೀಳಬಾರದು. ಅವಳಿಗೆ ಜೊತೆ ಬೇಕಲ್ಲ, ಆದ್ದರಿಂದ ನನ್ನ ಓಡಾಟವೂ ನಿಂತಿತು. ಅಪ್ಪ ಗೇಟಿನ ಪಕ್ಕ, ಬೇವಿನ ನೆರಳಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತ. ಸುಬೇದಾರ ಇರುತ್ತಿದ್ದ ಜಾಗ ಅದೇ. ಬೀಗವಿರಲಿಲ್ಲ. ಬರೀ ಸರಪಳಿ, ಬರೀ ಅಪ್ಪ.

ಬೀದಿಯ ಹುಡುಗಿಯರು ಗೇಟಿನ ಮುಂದೆಯೇ ಕುಂಟಾಬಿಲ್ಲೆಯ ಮನೆ ಬರೆಯುತ್ತಿದ್ದರು. ಕಿಟಕಿಗೆ ಕಟ್ಟಿದ ಒದ್ದೆ ಗೋಣಿತಟ್ಟನ್ನು ಸರಿಸಿ ನಾನು ನೋಡುತ್ತಿದ್ದೆ. ಒದ್ದೆ ಗೋಣಿಯ ಆ ಮುಗ್ಗುಲು ವಾಸನೆ, ಅದರ ಹಿಂದೆ ಕಾದ ಮಣ್ಣಿನ ವಾಸನೆ, ಈಗಲೂ ಎಲ್ಲಾದರೂ ಬಂದರೆ ನಾನು ಎದ್ದು ಬಾಗಿಲ ಹೊರಗೆ ಹೋಗುತ್ತೇನೆ. ಕರೆಂಟು ಹೋದರೆ ಮನೆಯೇ ಕುದಿಯುವ ಗಡಿಗೆ. ಸೈರನ್ ಕೂಗಿದಾಗ ಬಿಳಿ ಕೋಟಿನ ಹೆಂಗಸರು ಹೋಗುತ್ತಿದ್ದರು. ಆ ಹೊತ್ತಿಗೆ ಅಕ್ಕ ಕಿಟಕಿಯ ಹತ್ತಿರ ಬರುತ್ತಿರಲಿಲ್ಲ. ರೇಡಿಯೋ ಮತ್ತೆ ಕೆಟ್ಟಿತು. ಅವಳು ಅದರ ಬೆನ್ನು ಬಿಚ್ಚಲಿಲ್ಲ.

ಅಪ್ಪ ಕ್ರೂರಿಯಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಅವನು ನಾಚಾರಂವರೆಗೆ ಕುಂಟುತ್ತ ಹೋಗಿ ಅಕ್ಕನಿಗಾಗಿ ತಾಳೆಮರದ ಎಳೆಯ ತಾಟಿನಿಂಗು ತರುತ್ತಿದ್ದ, ಸಿಪ್ಪೆಯನ್ನು ತಾನೇ ಉಗುರಿನಿಂದ ಸುಲಿದು, ಒಳಗಿನ ನೀರು ಚೆಲ್ಲದಂತೆ ಅವಳ ಅಂಗೈಗೆ ಇಡುತ್ತಿದ್ದ. ಅವಳ ಬೂಟಿಗೆ ಪಾಲಿಶ್ ಹಾಕುತ್ತಿದ್ದ, ಎಲ್ಲಿಗೂ ಹೋಗದ ಬೂಟಿಗೆ. ಮಧ್ಯಾಹ್ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು, ಹುಣಸೆ ಬೀಜ ತೇಯ್ದು, ನಮ್ಮೊಡನೆ ಆಡುತ್ತಿದ್ದ. ಬೇಕೆಂದೇ ಸೋಲುತ್ತಿದ್ದ.

“ಅಪ್ಪಾ, ನಿಮ್ಮ ಕಾಯಿ ಒಳಗ ಸಿಕ್ಕೊಂಡೈತಿ, ಹೊರಗ ಬರಂಗಿಲ್ಲ,” ಎಂದು ಅಕ್ಕ ಒಮ್ಮೆ ಅಂದಳು.

“ಇರ್ಲಿ ಬಿಡು. ನನಗ ರೂಢಿ ಐತಿ,” ಅಂದ. ಅಕ್ಕ ನಕ್ಕಳು, ಅವನೂ ನಕ್ಕ, ನಾನು ಯಾಕೆಂದು ತಿಳಿಯದೆ ನಕ್ಕೆ. ಆ ಬೇಸಿಗೆಯಲ್ಲಿ ನಾವು ಮೂವರೂ ಒಟ್ಟಿಗೆ ನಕ್ಕ ನೆನಪು ಅದೊಂದೇ.

ಇನ್ನೊಂದು ಸಂಗತಿ. ಆ ಭಾನುವಾರದ ನಂತರ ಅಪ್ಪ ನನ್ನನ್ನು ಎತ್ತಿಕೊಳ್ಳಲಿಲ್ಲ. ಅಕ್ಕನ ಜಡೆ ಹೆಣೆಯುತ್ತಿದ್ದ ಕೈ ನನ್ನ ತಲೆಯ ಹತ್ತಿರ ಬಂದು ಹಿಂದೆ ಸರಿಯುತ್ತಿತ್ತು. ನಾನು ತೊಡೆಯ ಮೇಲೆ ಕೂರಲು ಹೋದರೆ, ಕಾಲು ನೋವು ಸಣ್ಣಾಕಿ, ಅನ್ನುತ್ತಿದ್ದ. ಕಾಲು ನಿಜವಾಗಿಯೂ ನೋಯುತ್ತಿತ್ತು. ಆದ್ದರಿಂದ ಇದು ಯಾವುದಕ್ಕೂ ಪುರಾವೆಯಲ್ಲ. ಆದರೂ ಬರೆಯುತ್ತಿದ್ದೇನೆ.

ಒಂದು ದಿನ ಯಾದಮ್ಮ ಗೇಟಿನ ಮುಂದೆ ಬಂದು ನಿಂತಳು. ಕಂಕುಳಲ್ಲಿ ಕಪ್ಪು ಕೋಳಿ. ಅವಳಿಗೆ ಸುದ್ದಿ ಗೋಡೆಯ ಮೇಲಿಂದಲೇ ತಲುಪಿತ್ತು.

“ಏಂಟಿ ಹವಾಲ್ದಾರ್ ಸಾಬ್, ಬಿಡ್ಡಲನಿ ಜೈಲ್ಲೋ ಪೆಟ್ಟಿನವಾ?” ಮಕ್ಕಳನ್ನು ಜೈಲಿಗೆ ಹಾಕಿದ್ದೀಯಾ ಎಂದು ಕೇಳುತ್ತ ಕೋಳಿಯನ್ನು ಸರಳುಗಳ ನಡುವೆ ಒಳಗೆ ತೂರಿಸಿದಳು. “ಇದಿ ತೀಸ್ಕೋ. ಮೀ ದೇವುನಿಕಿ ಇಚ್ಚೇಯಿ. ಪಿಲ್ಲನು ಇಡ್ಸಿಪೆಟ್ಟು.” ಇದನ್ನು ತೆಗೆದುಕೊಂಡು ನಿನ್ನ ದೇವರಿಗೆ ಕೊಟ್ಟುಬಿಡು, ಹುಡುಗಿಯನ್ನು ಬಿಡು.

ಕೋಳಿ ಅಂಗಳದಲ್ಲಿ ಓಡಾಡಿತು. ಅಪ್ಪ ಅದನ್ನೇ ನೋಡುತ್ತ ಕೂತ. ಅದು ಅವನ ಕಾಲ ಹತ್ತಿರ ಬಂದು ನೆಲ ಕೆದಕಿತು. ಒಂದು ಕ್ಷಣ ಅವನ ಮುಖ ಸಡಿಲವಾದಂತೆ ಕಂಡಿತು. ಅಥವಾ ನಾನು ಹಾಗೆ ಬಯಸಿದೆ. ಆಮೇಲೆ ಅವನು ಕಷ್ಟಪಟ್ಟು ಎದ್ದು, ಕೋಳಿಯನ್ನು ಹಿಡಿದು, ಗೇಟಿನ ಮೇಲಿಂದ ಅವಳ ಕೈಗೆ ಕೊಟ್ಟ.

“ಇದು ಆಮ್ಯಾಲ ಬಂದದ್ದಮ್ಮಾ,” ಅಂದ ಕನ್ನಡದಲ್ಲೇ. “ಆವತ್ತ ಬರಬೇಕಿತ್ತು.”

ಯಾದಮ್ಮನಿಗೆ ಮಾತು ತಿಳಿಯದಿದ್ದರೂ ಮುಖ ತಿಳಿಯಿತು. ಅವಳು ಬೀದಿಯುದ್ದಕ್ಕೂ ಅಪ್ಪನನ್ನು, ಅವನ ದೇವರನ್ನು, ಪಲ್ಟನ್ನನ್ನು ಬೈಯುತ್ತ ಹೋದಳು.

ಮೇ ಮುಗಿಯುವ ಹೊತ್ತಿಗೆ ಅಕ್ಕನ ಫಲಿತಾಂಶ ಬಂತು. ಒಳ್ಳೆಯ ದರ್ಜೆಯಲ್ಲಿ ಪಾಸಾಗಿದ್ದಳು. ಮಾವ ಪೇಡೆ ತಂದು, ಯಾರ ಬಾಯಿಗೆ ಹಾಕುವುದೆಂದು ತಿಳಿಯದೆ ಕಪಾಟಿನ ಮೇಲಿಟ್ಟು ಹೋದ. ಮರುದಿನವೋ ಏನೋ, ಅಪ್ಪ ಕಾಲಿನ ತಪಾಸಣೆಗೆ ಮಿಲಿಟರಿ ಆಸ್ಪತ್ರೆಗೆ ಹೋಗಿದ್ದ, ಅವ್ವ ರೇಷನ್ ಸಾಲಿನಲ್ಲಿದ್ದಳು. ಗೇಟಿನ ಪಕ್ಕದ ಕುರ್ಚಿ ಖಾಲಿ. ಅಕ್ಕ ಒಳಗಿನಿಂದ ಬಂದು ಸರಪಳಿಯ ಮೇಲೆ ಕೈಯಿಟ್ಟಳು. ಕಾಲಲ್ಲಿ ಪಾಲಿಶ್ ಹಾಕಿದ ಬೂಟುಗಳಿದ್ದವು.

ನಾನು ಓಡಿಹೋಗಿ ಅವಳ ಲಂಗ ಹಿಡಿದೆ. “ಹೋಗೂನ ಅಕ್ಕಾ? ನಾನೂ ಬರ್ತೀನಿ. ಹಿಮಾಯತ್‌ನಗರಕ್ಕ ಹೋಗೂನ. ಐಸ್‌ಕ್ರೀಮ್ ತಿನ್ನೂನ.”

ಅವಳು ನನ್ನನ್ನು ಬಗ್ಗಿ ನೋಡಿದಳು. ಬಿಸಿಲಿಗೆ ಸರಪಳಿ ಕಾದಿತ್ತು, ಆದರೂ ಅವಳು ಕೈ ತೆಗೆಯಲಿಲ್ಲ.

“ನಾ ಹೋದ್ರ ಆಮ್ಯಾಲ ಯಾರ್ನ ಕೇಳ್ತಾರ, ಗೊತ್ತೈತೇನ ನಿನಗ?” ಅಂದಳು.

ಅಥವಾ, “ನಾ ಹೋದ್ರ ಅಪ್ಪಾನ್ನ ಕೇಳ್ತಾರ,” ಅಂದಳು. ಕಾಲೇಜಿನಲ್ಲಿದ್ದಾಗ ನಾನು ದಿನಚರಿಯಲ್ಲಿ ಈ ಘಟನೆಯನ್ನು ಒಂದು ರೀತಿ ಬರೆದೆ, ಕೆಲಸಕ್ಕೆ ಸೇರಿದ ಮೇಲೆ ಇನ್ನೊಂದು ರೀತಿ ಬರೆದೆ. ಎರಡು ಸಲವೂ ಸರಿಯಾಗಿಯೇ ನೆನಪಿದೆ ಎಂದುಕೊಂಡು ಬರೆದಿದ್ದೆ. ಮೊದಲನೆಯದು ನಿಜವಾದರೆ ನನ್ನ ಬದುಕಿನ ಅರ್ಥವೇ ಬೇರೆ. ಎರಡನೆಯದು ನಿಜವಾದರೆ, ಅವಳು ಒಬ್ಬ ಒಳ್ಳೆಯ ಮಗಳು, ಅಷ್ಟೇ.

ಅವಳು ಸರಪಳಿ ಬಿಟ್ಟು ಒಳಗೆ ಬಂದಳು. ಅಂಗೈ ಕೆಂಪಾಗಿತ್ತು. ಕಪಾಟಿನ ಮೇಲಿನ ಪೇಡೆ ತೆಗೆದು, ಒಂದನ್ನು ಎರಡು ಮಾಡಿ, ದೊಡ್ಡ ತುಂಡು ನನಗೆ ಕೊಟ್ಟಳು.

ಜೂನ್ ಮೊದಲ ಮಳೆ ಬಿದ್ದ ವಾರದಲ್ಲಿ ಅಪ್ಪ ತನ್ನ ಕರಿ ಟ್ರಂಕನ್ನು ಅಂಗಳಕ್ಕೆ ತಂದು, ಅದರ ಮೇಲೆ ಬಿಳಿ ಬಣ್ಣದಲ್ಲಿದ್ದ ತನ್ನ ಹೆಸರು, ನಂಬರನ್ನು ಅಳಿಸಿದ. ಅದೇ ಜಾಗದಲ್ಲಿ ಅಕ್ಕನ ಹೆಸರು, ಕರುಣಾ ಎಂದು ಬರೆದ. ಅಕ್ಷರ ಗುಂಡಾಗಿ ಬರಲೆಂದು ಉಸಿರು ಹಿಡಿದು ಬರೆದ. ಬಣ್ಣ ಒಣಗುವವರೆಗೆ ಪಕ್ಕದಲ್ಲೇ ಕೂತು, ನೊಣ ಓಡಿಸುತ್ತಿದ್ದ. ಅವನೇ ಅವಳನ್ನು ಕರೆದುಕೊಂಡು ಹೋದ. ಗೇಟಿನಿಂದ ಹೊರಗೆ ಕಾಲಿಡುವಾಗ ಅಕ್ಕ ಹಿಂದೆ ತಿರುಗಲಿಲ್ಲ, ಅಪ್ಪ ತಿರುಗಿದ. ಅವ್ವನ ಕಡೆಗಲ್ಲ, ನನ್ನ ಕಡೆಗೆ.

ವಾಪಸು ಬಂದಮೇಲೆ ಅಪ್ಪ ಒಂದು ಗೋದಾಮಿನಲ್ಲಿ ಕಾವಲು ಕೆಲಸಕ್ಕೆ ಸೇರಿದ. ಅವನ ಮುಂದಿನ ಬದುಕನ್ನು ಹೇಳುವುದು ಕಷ್ಟವಲ್ಲ. ಪಾಳಿ, ಪ್ರಾರ್ಥನೆ, ಮತ್ತು ತಿಂಗಳಿಗೊಮ್ಮೆ ಬೆಟಗೇರಿಗೆ ಪ್ರಯಾಣ. ಅವ್ವ ಮಾಡಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಜನರಲ್ ಡಬ್ಬಿಯಲ್ಲಿ ಕೂತು ಹೋಗುತ್ತಿದ್ದ. ಅಕ್ಕನನ್ನು ನೋಡಿ, ಆಶ್ರಮದ ಮಕ್ಕಳಿಗೆ ಡ್ರಿಲ್ ಮಾಡಿಸಿ, ಬರುತ್ತಿದ್ದ. ಒಂದು ತಿಂಗಳೂ ತಪ್ಪಿಸಲಿಲ್ಲ. ಭಾನುವಾರ ಚರ್ಚಿನ ಕಿಟಕಿಗಳನ್ನು ತೆರೆಯುವವನು, ಜಮಖಾನೆ ಹಾಸುವವನು ಅವನೇ. ಆದರೆ ಮತ್ತೆಂದೂ ಸಾಕ್ಷಿಗೆ ನಿಲ್ಲಲಿಲ್ಲ. ನಾನು ಹತ್ತನೆಯ ತರಗತಿ ಮುಗಿಸಿದಾಗ, ಯಾರನ್ನೂ ಕೇಳದೆ, ಪಾಲಿಟೆಕ್ನಿಕ್‌ನ ಅರ್ಜಿ ತಂದು ನನ್ನ ಮುಂದೆ ಇಟ್ಟ. ಅಲ್ಲಿಂದ ನಾನು ವಿಶ್ವವಿದ್ಯಾಲಯದವರೆಗೂ ಹೋದೆ. ಬಿಳಿ ಕೋಟು ಹಾಕಿಕೊಂಡ ಮೊದಲ ದಿನ ಕನ್ನಡಿಯಲ್ಲಿ ನನಗೆ ಕಂಡದ್ದು ನನ್ನ ಮುಖ ಎಂದು ಹೇಳಲಾರೆ.

ಹೋದ ವರ್ಷ ಅಪ್ಪ ತೀರಿಕೊಂಡ. ಹಳೆಯ ಸಿಪಾಯಿಗಳು ಬಣ್ಣ ಮಾಸಿದ ಟೋಪಿ ಹಾಕಿಕೊಂಡು ಬಂದು ಪೆಟ್ಟಿಗೆಗೆ ಹೆಗಲು ಕೊಟ್ಟರು. ಅಕ್ಕ ಸಮಾಧಿಯ ಹತ್ತಿರ ಕನ್ನಡದಲ್ಲಿ ಪ್ರಾರ್ಥನೆ ನಡೆಸಿದಳು. ಅವಳಿಗೆ ಈಗ ಕೂದಲು ಬೆಳ್ಳಗಾಗಿದೆ. ಆಶ್ರಮದ ಎಷ್ಟೋ ಮಕ್ಕಳು ಅವಳನ್ನು ದೊಡ್ಡವ್ವ ಎನ್ನುತ್ತಾರೆ. ಪ್ರಾರ್ಥನೆಗೆ ದನಿ ಸೇರಿಸಲು ಕನ್ನಡದವರು ಬೆರಳೆಣಿಕೆಯಷ್ಟೂ ಇರಲಿಲ್ಲ. ಮಧ್ಯಾಹ್ನದ ಆ ಆರಾಧನೆ ನಿಂತು ಬಹಳ ಕಾಲವಾಯಿತು. ಯಾದಮ್ಮನ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಅದರ ನೆರಳಿನಲ್ಲಿ ನಮ್ಮ ಬೇವು ಅರ್ಧ ಒಣಗಿದೆ. ಸೈರನ್ ಈಗ ನಮಗೆ ಕೇಳಿಸುವುದಿಲ್ಲ. ಅಪ್ಪನ ಕುರ್ಚಿ ತುಕ್ಕು ಹಿಡಿದು ಗೇಟಿನ ಪಕ್ಕದಲ್ಲೇ ಇದೆ. ಈಗ ಯಾರು ಬೇಕಾದರೂ ಸರಪಳಿ ಎತ್ತಿ ಒಳಗೆ ಬರಬಹುದು. ಓಡಿಬಂದು ಎದುರುಗೊಳ್ಳುವವರು ಯಾರೂ ಇಲ್ಲ.

ಅವ್ವನನ್ನು ಕೇಳಿದೆ. “ನಾ ಒಲಿ ಮುಂದ ಇದ್ದೆ. ನೋಡಲಿಲ್ಲ,” ಅಂದಳು, ಯಾವಾಗಲೂ ಅನ್ನುವಂತೆ. ಅಪ್ಪನನ್ನು ಕೇಳಲು ನನಗೆ ಎಂದೂ ಬಾಯಿ ಬರಲಿಲ್ಲ. ಹೇಳಲು ಅವನಿಗೂ ಬರಲಿಲ್ಲ. ಉಳಿದವಳು ಅಕ್ಕ. ಅವಳು ಊರಿಗೆ ಹೊರಟ ಬೆಳಿಗ್ಗೆ ನಾನು ಅವಳ ಚೀಲ ಹಿಡಿದು ಗೇಟಿನವರೆಗೆ ಹೋದೆ. ಆಟೋ ಕಾಯುತ್ತಿತ್ತು. ಅವಳು ಸರಪಳಿ ಎತ್ತುವಾಗ ಕೇಳಿಯೇಬಿಟ್ಟೆ. ಅವಳ ಕೈ ಸರಪಳಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನನ್ನ ಕೆನ್ನೆ ತಟ್ಟಿ, “ಗೇಟಿಗೆ ಬಣ್ಣ ಬಳಿಸ, ತುಕ್ಕ ಹಿಡದೈತಿ,” ಎಂದು ಆಟೋ ಹತ್ತಿದಳು. ಅದಾದ ಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದ್ದೇವೆ; ಹವಾಮಾನ, ಅವ್ವನ ಮೊಣಕಾಲು, ಆಶ್ರಮದ ಮಕ್ಕಳ ಪರೀಕ್ಷೆ. ಗೇಟಿಗೆ ಇನ್ನೂ ಬಣ್ಣ ಬಳಿಸಿಲ್ಲ, ಹಸಿರೋ ನೀಲಿಯೋ ತೀರ್ಮಾನವಾಗಿಲ್ಲ. ನಾನು ಕೇಳಿದ್ದು ಇಷ್ಟೇ.

“ಅಕ್ಕಾ, ಆವತ್ತ ಅಪ್ಪಾ ಬಂದಾಗ ಮೊದಲ ಓಡಿ ಹೋಗಿ ಹಿಡ್ಕೊಂಡಾಕಿ ನೀನೋ, ನಾನೋ?”